ಗೋರಂಟಿ ಹಚ್ಚಿದ ಬೆರಳು

ಕಿಕ್ಕೇರಿಯಿಂದ ಒಳಗೆ, ನಾಲೆ ದಾಟಿದರೆ ಸಿಗುವ ಆ ಹಳ್ಳಿಯಲ್ಲಿ ಬೆಟ್ಟಮ್ಮನ ಬಾಯಿಗೆ ಹೆದರದವರಿರಲಿಲ್ಲ. ಹಾಲಿಗೆ ನೀರು ಬೆರೆಸಿದ್ದೀಯ ಎಂದ ಡೈರಿಯವನನ್ನು ಊರ ಮುಂದೆ ನಿಲ್ಲಿಸಿ ಬೆವರಿಳಿಸಿದ ಹೆಂಗಸು. ಅಂಥವಳು ಒಂದೇ ಒಂದು ಸುಳ್ಳು ಹೇಳಿದಳು, ಅದೂ ಮರ್ಯಾದೆಗೆ ಅಂಜಿ. ಆ ಸುಳ್ಳು ಅವಳ ಮಗಳನ್ನು ನುಂಗಿತು ಅಂದರೆ ಅನ್ಯಾಯವಾದೀತು. ನುಂಗಿದವರಿಗೆ ಬಾಯೊರೆಸಿಕೊಳ್ಳಲು ಒದಗಿತು, ಅಷ್ಟೆ.

ತೊಂಬತ್ತರ ದಶಕದ ನಡುವೆ ಊರಿಗೆ ಮಿಡಿಸೌತೆ ಕಂಪನಿ ಬಂತು. ಬೀಜ ಅವರದು, ಗೊಬ್ಬರ ಅವರದು, ಔಷಧಿ ಅವರದು. ಹೊಲ ಮಾತ್ರ ರೈತನದು, ಏನಾದರೂ ಆದರೆ ಪಾಪವೂ ರೈತನದೇ! ಕಾಯಿ ಕಿರುಬೆರಳಿನಷ್ಟಿದ್ದಾಗಲೇ ಬಿಡಿಸಬೇಕು. ಒಂದು ದಿನ ತಡವಾದರೆ ಬಲಿತು ದನದ ಪಾಲು. ಎಲೆಯಡಿ ಅಡಗಿದ ಮಿಡಿ ಕೀಳಲು ದೊಡ್ಡವರ ಕೈ ಆಗದು, ಮಕ್ಕಳ ಬೆರಳೇ ಬೇಕು. ಹಾಗಾಗಿ ಊರಿನ ಮಕ್ಕಳೆಲ್ಲ ಬೆಳಗಿನ ಜಾವಕ್ಕೆ ಸಾಲಿಗಿಳಿಯುತ್ತಿದ್ದರು. ಕಂಪನಿಯ ವ್ಯಾನು ಹೋದ ಮೇಲೆ ಸ್ಕೂಲು.

ಬೆಟ್ಟಮ್ಮ, ಜವರಯ್ಯ ದಂಪತಿಗೆ ಹೇಮಶ್ರೀ ಒಬ್ಬಳೇ ಮಗಳು, ಹತ್ತು ತುಂಬದ ಹುಡುಗಿ. ಕಾಯಿಯ ಮುಳ್ಳು ಚುಚ್ಚಿ, ಬಳ್ಳಿಯ ರಸ ಹಿಡಿದು ಅವಳ ಬೆರಳ ತುದಿಗಳು ಕಪ್ಪಾಗಿ ಸೀಳಿದ್ದವು. "ಅವ್ವ, ಸಾರು ಮುಟ್ಟುದ್ರೆ ಉರೀತದೆ ಕಣವ್ವ" ಅನ್ನುತ್ತಿದ್ದಳು. ಬೆಟ್ಟಮ್ಮ ತಾನೇ ಮುದ್ದೆ ಮುರಿದು ಬಾಯಿಗಿಡುತ್ತಿದ್ದಳು.

ಒಂದು ದಿನ ಕಂಪನಿಯ ಫೀಲ್ಡ್ ಆಫೀಸರ್ ನಾಗರಾಜು ಮೋಟಾರ್ ಸೈಕಲ್ಲಿನಲ್ಲಿ ಮನೆಮನೆಗೂ ಬಂದ. "ಸೌತೆ ಕೊಂಡ್ಕೊಳೋ ದೇಸದಿಂದ ಮೇಡಮ್ಮು ಬತ್ತಾವ್ರೆ. ಒಂದು ಐಕಳೂ ಹೊಲ್ದಲ್ಲಿ ಕಾಣ್ಕೂಡ್ದು. ಕಂಡ್ರೆ ಮಾಲು ವಾಪಸ್ಸು."

"ಕೇಳುದ್ರೆ ಏನಂತ ಯೋಳಣ?" ಎಂದಳು ಬೆಟ್ಟಮ್ಮ.

"ನೀವು ಮರ್ಯಾದಸ್ತರು ಕಣಕ್ಕ. ನಿಮ್ಗೆ ನಾನು ಯೋಳ್ಕೊಡ್ಬೇಕಾ?"

ಆ ಮಾತು ನಾಟಿತು. ಕೂಲಿ ಮಾಡಿ ಉಣ್ಣುವ ಮನೆ ನಮ್ಮದಲ್ಲ, ಮಕ್ಕಳ ದುಡಿಮೆ ತಿನ್ನುತ್ತೇವೆಂದು ಪರದೇಶದವಳ ಮುಂದೆ ಒಪ್ಪಿಕೊಳ್ಳುವುದುಂಟೇ? ಅಂದು ಸಂಜೆ ಬೆಟ್ಟಮ್ಮ ಹಿತ್ತಲ ಗೋರಂಟಿ ಸೊಪ್ಪು ಕಿತ್ತು ಒರಳಲ್ಲಿ ರುಬ್ಬಿದಳು. ಹಬ್ಬವಿಲ್ಲ, ಮದುವೆಯಿಲ್ಲ. ಮಗಳ ಹತ್ತೂ ಬೆರಳಿಗೆ ಟೋಪಿ ತೊಡಿಸಿದ ಹಾಗೆ ಹಚ್ಚಿದಳು. ಸೀಳಿದ ಕಡೆ ರಸ ಇಳಿದು ಉರಿದಾಗ ಹುಡುಗಿ ಅತ್ತಳು.

"ಒಸಿ ತಡ್ಕೊ ನನ್ ಕಂದ. ನಾಳೀಕೆ ನೋಡು, ಎಂಗೆ ಕೆಂಪಾಗಿರ್ತದೆ!"

ಬೆಳಿಗ್ಗೆ ಕಪ್ಪೆಲ್ಲ ಕೆಂಪಿನಲ್ಲಿ ಮುಚ್ಚಿಹೋಗಿತ್ತು. ಅಕ್ಕಪಕ್ಕದ ಹೆಂಗಸರು ನೋಡಿ, ಭೇಷ್ ಎಂದರು. ಬಿಳಿ ಹೆಂಗಸು ಬಂದಳು, ಜೊತೆಗೆ ಕ್ಯಾಮೆರಾದವನು, ಮಾತು ತಿಳಿಸಿ ಹೇಳುವವನು. ರೇಷ್ಮೆ ಲಂಗ ತೊಟ್ಟು ಜಗುಲಿಯಲ್ಲಿ ಕೂತಿದ್ದ ಹೇಮಶ್ರೀಯ ಕೈ ಹಿಡಿದು ಮೆಚ್ಚಿಕೊಂಡಳು. ಮಕ್ಕಳು ಹೊಲದಲ್ಲಿ ಕೆಲಸ ಮಾಡುತ್ತಾರೆಯೇ ಎಂದು ಕೇಳಿಸಿದಳು.

"ನಮ್ಮನೆ ಮಕ್ಳು ಹೊಲಕ್ಕೆ ಇಳಿಯಾಕಿಲ್ಲ ಕಣವ್ವ" ಎಂದಳು ಬೆಟ್ಟಮ್ಮ, ತಲೆಯೆತ್ತಿ. ಕ್ಯಾಮೆರಾ ಅದನ್ನು ಹಿಡಿದಿಟ್ಟುಕೊಂಡಿತು.

ಆ ಮಳೆಗಾಲದಲ್ಲಿ ಬಳ್ಳಿಗೆ ರೋಗ ಬಿತ್ತು. ನಾಗರಾಜು ಹೊಸ ಔಷಧಿ ತಂದುಕೊಟ್ಟ. ಜವರಯ್ಯ ಸಂಜೆ ಪಂಪು ಹೊತ್ತು ಹೊಡೆದ. ಬೆಳಿಗ್ಗೆ ಬಿಡಿಸಬಹುದೇ ಎಂದು ಕೇಳಿದ್ದಕ್ಕೆ ನಾಗರಾಜು, "ಇನ್ನೇನು ಬಲಿಯಾಕೆ ಬುಡ್ತೀಯಾ? ವ್ಯಾನು ಬತ್ತದೆ" ಎಂದಿದ್ದ. ಎಲೆಗಳಿನ್ನೂ ಒದ್ದೆಯಿದ್ದವು. ಸೀಳಿದ ಬೆರಳಿನ ಹುಡುಗಿ ಸಾಲು ಮುಗಿಸುವಷ್ಟರಲ್ಲಿ ವಾಂತಿ ಮಾಡಿಕೊಂಡಳು, ಆಮೇಲೆ ಬಾಯಲ್ಲಿ ನೊರೆ. ಕೆ.ಆರ್. ಪೇಟೆಯ ಆಸ್ಪತ್ರೆಯಲ್ಲಿ ಮೈಸೂರಿಗೆ ಒಯ್ಯಿರಿ ಎಂದರು. ಪಾಂಡವಪುರ ದಾಟುವ ಹೊತ್ತಿಗೆ ತಾಯ ಮಡಿಲಲ್ಲೇ ಮೈ ತಣ್ಣಗಾಗಿತ್ತು. ಅಯ್ಯೋ, ಉಗುರಿನ ಕೆಂಪು ಮಾತ್ರ ಇನ್ನೂ ಹೋಗಿರಲಿಲ್ಲ.

ಕಂಪನಿ ಏನೆಂದಿತು ಗೊತ್ತೇ? ಮಗು ಹೊಲದಲ್ಲಿ ಇರಲೇ ಇಲ್ಲ, ಹೆತ್ತ ತಾಯಿಯೇ ಕ್ಯಾಮೆರಾ ಮುಂದೆ ಹಾಗೆ ಹೇಳಿದ್ದಾಳೆ ಎಂದಿತು. ನಾಗರಾಜು ಮನೆಗೇ ಬಂದು ತಗ್ಗಿದ ದನಿಯಲ್ಲಿ, "ಔಷ್ದಿ ಹೊಡ್ದೋನು ನಿನ್ ಗಂಡ ಕಣಕ್ಕ. ಕೇಸಾದ್ರೆ ಒಳಕ್ಕೋಗೋನೂ ಅವ್ನೇಯ" ಎಂದ. ಜವರಯ್ಯ ಅವತ್ತಿನಿಂದ ಮಾತು ಬಿಟ್ಟ.

ಬೆಟ್ಟಮ್ಮನಿಗೆ ಬೇಕಿದ್ದದ್ದು ಒಂದೇ. ಹೇಮಶ್ರೀ ನಮ್ಮ ಬೆಳೆ ಬಿಡಿಸುತ್ತಿದ್ದಳು, ನಮ್ಮ ಔಷಧಿಯಿಂದ ಸತ್ತಳು ಎಂದು ಕಂಪನಿ ಒಪ್ಪಬೇಕು. ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಲಾಯರಾಗಿದ್ದ ಕಹಕಶಾನ್ ಎಂಬ ಹೆಣ್ಣುಮಗಳ ಮುಂದೆ ಹೋಗಿ ಕೂತಳು.

"ಮಕ್ಕಳ ಹಕ್ಕಿಗೆ ಅಂತ ಹೆಚ್ಚುಕಮ್ಮಿ ಲೋಕದ ದೇಶಗಳೆಲ್ಲ ಒಪ್ಪಂದ ಮಾಡ್ಕೊಂಡಿವೆ ಬೆಟ್ಟಮ್ಮ" ಎಂದಳು ಕಹಕಶಾನ್. "ನಮ್ಮ ದೇಶಾನೂ ಸೇರಿದೆ. ಮಕ್ಕಳ ಜೀವಕ್ಕೆ ಅಪಾಯ ಆಗೋ ಕೆಲಸ ಮಾಡಿಸಬಾರದು ಅಂತಿದೆ."

"ಅಂಗಾರೆ ಇಡ್ಕೊಳ್ರವ್ವ ಅವ್ರನ್ನ."

"ಅದು ಹಿಡಿಯೋದು ಸರ್ಕಾರಗಳನ್ನ. ಕಂಪನಿಗಳು ಅದಕ್ಕೆ ಸಹಿ ಹಾಕಿಲ್ಲ."

ಬೆಟ್ಟಮ್ಮನಿಗೆ ರೇಗಿತು. "ಯಾವ ಸರ್ಕಾರ ಬಂದಿತ್ತವ್ವ ನನ್ ಹೊಲಕ್ಕೆ? ಬಂದಿದ್ದು ಕಂಪ್ನಿ ವ್ಯಾನು. ಇಸ ಕೊಟ್ಟೋರು ಅವ್ರು, ಕಾಯಿ ಒತ್ಕೊಂಡೋದೋರು ಅವ್ರು. ಒಪ್ಪಂದ ಮಾಡೋವಾಗ ಅವ್ರನ್ನೇ ಯಾಕೆ ಬುಟ್ಬುಟ್ರು?"

ಕಹಕಶಾನ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಇಲ್ಲಿನ ಕಾನೂನಲ್ಲಿ ಕೇಸು ಹಾಕೋಣ. ಆದ್ರೆ ನಿಮ್ಮ ಮಾತೇ ನಿಮಗೆ ಅಡ್ಡ ನಿಂತಿದೆ. ಆ ಮೇಡಂ ಮತ್ತೆ ಬರ್ತಾರಂತೆ. ಅದೇ ಕ್ಯಾಮೆರಾ ಮುಂದೆ ನಿಜ ಹೇಳಿ" ಎಂದಳು.

ಮೇಡಂ ಬರುವ ದಿನ ಬೆಟ್ಟಮ್ಮ ಬೀದಿಗಿಳಿದಳು. ಜಗುಲಿ ಜಗುಲಿಯಲ್ಲೂ ಸ್ನಾನ ಮಾಡಿಸಿ ಕೂರಿಸಿದ ಮಕ್ಕಳು. ಗಂಡು ಹೆಣ್ಣು ಎನ್ನದೆ ಎಲ್ಲರ ಬೆರಳೂ ಕೆಂಪು. ತಾನು ಕಲಿಸಿಕೊಟ್ಟ ವಿದ್ಯೆ! ಮೇಡಂ ಜಗುಲಿಯ ಬಳಿ ಬರುತ್ತಲೇ ಬೆಟ್ಟಮ್ಮ ಪಕ್ಕದ ಮನೆ ಶಿವಣ್ಣನ ಮಗಳಾದ ಚಿನ್ನುವಿನ ಕೈ ಹಿಡಿದು ಕ್ಯಾಮೆರಾ ಮುಂದೆ ಚಾಚಿದಳು.

"ಓದ್ ಸಲ ನಾನು ಸುಳ್ಳೇಳ್ದೆ. ನನ್ ಮಗ್ಳು ದಿನಾ ಸಾಲಿಗೆ ಇಳೀತಿದ್ಲು, ಅಲ್ಲೇ ಇಸ ತಗುಲಿ ಸತ್ಲು. ಈ ಕೆಂಪಿನ ಅಡೀಲಿ ಏನದೆ ನೋಡ್ರವ್ವ. ಇದು ಸಿಂಗಾರ ಅಲ್ಲ, ಗಾಯ."

"ಬಾಯ್ಮುಚ್ಚು!" ಶಿವಣ್ಣ ಮಗಳನ್ನು ಕಿತ್ತುಕೊಂಡ. "ನಿನ್ ಮಗ್ಳು ಓದ್ಲು ಅಂತ ನಮ್ಮನ್ನಕ್ಕೂ ಮಣ್ಣಾಕ್ತೀಯಾ?"

ಬಿಳಿ ಹೆಂಗಸು ಕಣ್ಣೊರೆಸಿಕೊಂಡು ಕಾರು ಹತ್ತಿದಳು. ಅವಳ ಕಣ್ಣೀರು ಸುಳ್ಳಲ್ಲ. ಆದರೆ ಆದದ್ದೇನು? ಮಕ್ಕಳನ್ನು ದುಡಿಸುವ ಈ ಊರಿನ ಮಾಲು ನಮಗೆ ಬೇಡ ಎಂದು ಕೊಳ್ಳುವವರು ಕೈತೊಳೆದುಕೊಂಡರು. ಕಂಪನಿ ತನ್ನ ವ್ಯಾನನ್ನು ನಾಗಮಂಗಲದ ಕಡೆ ತಿರುಗಿಸಿತು. ಹೇಮಶ್ರೀಯ ಹೆಸರನ್ನು ಯಾರೂ ಎತ್ತಲಿಲ್ಲ. ಊರು ಬೆಟ್ಟಮ್ಮನನ್ನು ಮಾತಾಡಿಸುವುದು ಬಿಟ್ಟಿತು. ಡೈರಿಯ ಸಾಲಿನಲ್ಲಿ ಅವಳ ಹಿಂದೆ ಮುಂದೆ ಜಾಗ ಖಾಲಿ. ಹಾಳಾದವರು, ಅವಳದೂ ಒಂದು ಜೀವವಲ್ಲವೇ?

ಕಹಕಶಾನ್ ಹಾಕಿದ ಕೇಸು ಮಾತ್ರ ನಡೆದೇ ಇತ್ತು. ಒಮ್ಮೆ ವಾಯಿದೆಗೆಂದು ಹೋಗಿ ಬರುವಾಗ, ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ತಾಯಿಯೊಬ್ಬಳು ಮಗಳೊಂದಿಗೆ ನಾಗಮಂಗಲದ ಬಸ್ಸು ಹತ್ತುವುದನ್ನು ಬೆಟ್ಟಮ್ಮ ಕಂಡಳು. ಹುಡುಗಿಯ ಹತ್ತೂ ಬೆರಳು ಕೆಂಪು. ಹಬ್ಬದ ತಿಂಗಳಲ್ಲ. ಕಿಕ್ಕೇರಿ ಬಸ್ಸು ಬಂದು ನಿಂತಿದ್ದರೂ ಬೆಟ್ಟಮ್ಮ ನಾಗಮಂಗಲದ ಬಸ್ಸನ್ನೇ ಹತ್ತಿ ಅವರ ಪಕ್ಕ ಕೂತಳು.

"ಮಗೀನ ಸೌತೆ ಬುಡ್ಸಾಕೆ ಕಳಿಸ್ತೀಯೇನವ್ವ?"

ತಾಯಿ ಮುಖ ಗಂಟಿಕ್ಕಿದಳು. "ನಮ್ಮನೆ ಮಕ್ಳು ಹೊಲಕ್ಕೆ ಇಳಿಯಾಕಿಲ್ಲ."

"ನಾನೂ ಇಂಗೇಯ ಯೋಳಿದ್ದೆ ಕಣವ್ವ" ಎಂದಳು ಬೆಟ್ಟಮ್ಮ. ಆಮೇಲೆ ಹುಡುಗಿಯತ್ತ ಬಾಗಿದಳು. "ಸಾರು ಮುಟ್ಟುದ್ರೆ ಉರೀತದಾ ಮಗ?"

ಹುಡುಗಿ ಅವ್ವನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೂಂ ಎಂದು ತಲೆಯಾಡಿಸಿದಳು.