ಮರಿಯ ಹಿಂದೆ ಬಂದ ಇನ್ನೊಂದು ಹೆಜ್ಜೆ

ನಾನು ಓದಿದ್ದು ಮೂರನೇ ಕ್ಲಾಸು. ಕಥೆ ಕಟ್ಟುವಷ್ಟು ಬುದ್ಧಿ ನನಗಿಲ್ಲ. ಹೋದ ದಸರಾ ರಜೆಯಲ್ಲಿ, ರಾವಂದೂರು ಕಡೆಯ ನಮ್ಮೂರಿನಲ್ಲಿ, ನಾನು ಕಿವಿಯಾರೆ ಕೇಳಿದ್ದನ್ನೇ ಹೇಳುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮೊದಲು ಮೊಮ್ಮಗಳ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಉಬ್ಬಿ ಒಡೆದುಹೋದೀತು! ಹೆಸರು ಇಂಚರ. ಮೈಸೂರಲ್ಲಿ ನಾಲ್ಕನೇ ಕ್ಲಾಸು. ಅವಳು ಬಸ್ಸಿಳಿದು ‘ತಾತಾ’ ಅಂತ ಓಡಿ ಬಂದರೆ ನನ್ನ ಮಂಡಿನೋವು ಎಲ್ಲಿ ಹೋಗುತ್ತದೋ ಆ ಶಿವನಿಗೇ ಗೊತ್ತು.

ಆ ಸಲ ಅವಳ ಕೈಯಲ್ಲಿ ಅಂಗೈ ಅಗಲದ ಒಂದು ಆಟದ ಮಿಷನ್ನಿತ್ತು. ಯಾವುದೋ ಕಂಪನಿಯವರು ಹೊಸ ಆಟ ಮಾಡಿ, ಆಡಿ ನೋಡಲಿ ಅಂತ ಕೆಲವು ಮಕ್ಕಳಿಗೆ ಕೊಟ್ಟಿದ್ದರಂತೆ. ಕೂತಲ್ಲೇ ಆಡುವಂಥದ್ದಲ್ಲ. ಅದರ ಪರದೆಯೊಳಗೆ ಕಾಣುವ ಬೊಂಬೆಯಂಥ ಒಂದು ಮರಿಯನ್ನು ಹೊರಗೆ ಯಾವುದಾದರೂ ಜಾಗದಲ್ಲಿ ಬಿಟ್ಟು ಬರಬೇಕು. ಆಮೇಲೆ ಅಲ್ಲಿಗೇ ನಡೆದು ಹೋಗಿ, ಬಾಯಿಬಿಟ್ಟು ‘ಬಾ’ ಅಂತ ಕರೆದು, ಮನೆಗೆ ಕರೆತರಬೇಕು. ಬರುವಾಗ ದಾರಿಯುದ್ದಕ್ಕೂ ಮಿಷನ್ನಿನೊಳಗೆ ಮರಿಯ ಹೆಜ್ಜೆ ಟಪ್ ಟಪ್ ಅಂತ ಕೇಳುತ್ತದೆ.

ಅವಳು ಮರಿ ಬಿಟ್ಟಿದ್ದು ಹೊಲದಾಚೆ, ನಾವು ಹೊಗೆಸೊಪ್ಪು ಬೇಯಿಸುವ ಗೂಡು, ಅದೇ ಬ್ಯಾರನ್, ಅದರ ಹತ್ತಿರ. ವಾಪಸ್ ಬರುವಾಗ ಕಾಲಿಗೆ ಮುಳ್ಳು ಚುಚ್ಚಿಕೊಂಡಳು, ಮತ್ತೆ ಅಲ್ಲಿಗೆ ನಡೆಯುವ ಹಾಗಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಒಂದೇ ಸಮನೆ ಅಳು.

“ತಾತ, ಕಂಪನಿಯವ್ರು ಆಟಾನೇ ಕ್ಯಾನ್ಸಲ್ ಮಾಡ್ಬಿಟ್ರಂತೆ. ಅಪ್ಪ ಫೋನಲ್ಲಿ ಹೇಳಿದ್ರು. ಇವತ್ತು ರಾತ್ರಿ ಎಲ್ಲಾ ನಿಂತೋಗುತ್ತೆ. ನನ್ ಮರಿ ಅಲ್ಲೇ ಕತ್ಲಲ್ಲಿ ಉಳ್ಕೊಂಡ್ಬಿಡುತ್ತೆ…”

“ಅಳಬ್ಯಾಡ ಕಣವ್ವ, ನಾನಿಲ್ವಾ? ಈಗ್ಲೇ ಓಗಿ ಕರ್ಕೊಂಬತ್ತೀನಿ!”

ನನ್ನ ಹೆಂಡತಿ ಸಾಕಮ್ಮ ಸುಮ್ಮನಿರುತ್ತಾಳೆಯೇ? “ಇಲ್ದಿರೋ ಮರಿ ತರಕ್ಕೆ ಒಂಟವ್ರೆ ನೋಡು! ನಂಗೊಂದು ಸೀರೆ ತರಕ್ಕೆ ಯಾವತ್ತಾರ ಇಂಗೆ ಬಿರ್‍ನೆ ಎದ್ದಿದ್ರಾ?”

ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಮಿಷನ್ನು ಹಿಡಿದು ಹೊರಟೆ. ಮಿಷನ್ನಿನ ಬಾಣದ ಗುರುತು ತೋರಿಸಿದ ಕಡೆ ನಡೆದೆ. ಬ್ಯಾರನ್ನಿನಿಂದ ಸೊಪ್ಪು ಇಳಿಸಿ ಆಗಿತ್ತು, ಒಲೆ ಆರಿತ್ತು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬೆಂದ ಸೊಪ್ಪಿನ ಘಾಟು ಮಾತ್ರ ಗೋಡೆಯಿಂದ ಇನ್ನೂ ಹೊಮ್ಮುತ್ತಿತ್ತು… ಜೀರುಂಡೆಗಳು ಕಿವಿ ತೂತಾಗುವಂತೆ ಕಿರುಚುತ್ತಿದ್ದವು.

“ಬಾ ಮರಿ, ಮನೇಗ್ ಓಗನ,” ಎಂದೆ. ಮಿಷನ್ನು ಟಿಣ್ ಅಂತು. ಮರಿ ಸಿಕ್ಕಿತು!

ಹೊಲದಲ್ಲಿ ಬುತ್ತಿ ಬಿಚ್ಚಿದರೆ, ಕಣ್ಣಿಗೆ ಯಾರೂ ಕಾಣದಿದ್ದರೂ, ‘ಯಾರಾರ ಇದ್ರೆ ಬನ್ರಪ್ಪಾ, ಉಣ್ಣನ’ ಅಂತ ಒಂದು ಕೂಗು ಹಾಕದೆ ನಾವು ತುತ್ತು ಎತ್ತುವವರಲ್ಲ. ಆ ಅಭ್ಯಾಸವೋ, ಮೊಮ್ಮಗಳು ಕುಣಿದಾಡುತ್ತಾಳೆ ಅನ್ನುವ ಹಿಗ್ಗೋ… ಕತ್ತಲಿಗೆ ಮುಖ ಮಾಡಿ ಕೂಗಿಬಿಟ್ಟೆ.

“ಇನ್ಯಾರಾರ ಇದ್ರೆ ನೀವೂ ಬನ್ರಪ್ಪಾ, ನಮ್ಮನೇಗೇ ಓಗನ!”

ಜೀರುಂಡೆಗಳ ಕಿರುಚಾಟ ಒಟ್ಟಿಗೆ ನಿಂತಿತು.

ನಡೆದೆ. ಕೈಯಲ್ಲಿ ಟಪ್ ಟಪ್. ಸ್ವಲ್ಪ ದೂರ ಬಂದ ಮೇಲೆ ಬೆನ್ನ ಹಿಂದೆ, ಒಣ ಸೊಪ್ಪಿನ ಮೇಲೆ… ಸರಕ್… ಸರಕ್. ಬರಿಗಾಲಿನ ಪುಟ್ಟ ಹೆಜ್ಜೆ. ನಾನು ನಿಂತೆ. ಮಿಷನ್ನಿನ ಹೆಜ್ಜೆಯೂ ನಿಂತಿತು. ಹಿಂದಿನದು ಮಾತ್ರ ಇನ್ನೊಂದು ಹೆಜ್ಜೆ ಇಟ್ಟು, ಆಮೇಲೆ ನಿಂತಿತು.

ಬ್ಯಾಟರಿ ತಿರುಗಿಸಿದೆ. ಯಾರೂ ಇಲ್ಲ. ಹರಳೆಣ್ಣೆ ಹಚ್ಚಿದ ಎಳೆಮಗುವಿನ ತಲೆಯ ವಾಸನೆ ಮಾತ್ರ ಮೂಗಿಗೆ ಬಡಿಯಿತು.

ಶಿವ ಶಿವಾ ಅಂತ ಮನೆ ಸೇರಿದೆ. ಹೊಸ್ತಿಲು ದಾಟಿದ್ದೇ ಮಿಷನ್ನು, ಮರಿ ಮನೆ ಸೇರಿತು ಅನ್ನುವಂತೆ, ಸಣ್ಣದೊಂದು ರಾಗ ಹಾಡಿ ಕಪ್ಪಾಯಿತು. ಆಗ ಮೆಟ್ಟಿಲ ಹತ್ತಿರ, ಹಸಿದ ಮಗುವಿನಂಥ ದನಿ…

“ತಾತ… ನಾನೂ?”

ಧಡ್ ಅಂತ ಬಾಗಿಲು ಹಾಕಿ ಚಿಲಕ ಎಳೆದೆ.

“ಯಾರದು ತಾತ?” ಇಂಚರ ಹಾಸಿಗೆಯಿಂದಲೇ ಕೇಳಿದಳು.

“ಯಾರೂ ಇಲ್ಲ ಕಣವ್ವ!”

ಗಾಬರಿಗೆ ಗಟ್ಟಿಯಾಗಿಯೇ ಹೇಳಿಬಿಟ್ಟೆ. ಹೊರಗೆ ಕೇಳಿಸಿರಲೇಬೇಕು. ಬಾಗಿಲು ಬಡಿದ ಸದ್ದಿಲ್ಲ, ಅಳುವಿಲ್ಲ. ತುಂಬಾ ಹೊತ್ತಾದ ಮೇಲೆ ಸರಕ್… ಸರಕ್… ದೂರವಾಯಿತು. ಹಾಸಿಗೆ ಹತ್ತಿರ ಹೋಗಿ ಮಿಷನ್ನು ಕೊಟ್ಟಾಗ ಇಂಚರ ನನ್ನ ಕುತ್ತಿಗೆಗೆ ಜೋತುಬಿದ್ದು, “ನಮ್ ತಾತ ಸೂಪರ್!” ಎಂದು ಮುತ್ತು ಕೊಟ್ಟಳು. ಆ ಮುತ್ತು ಕೆನ್ನೆಯನ್ನು ಸುಟ್ಟಹಾಗಾಯಿತು.

ಬೆಳಿಗ್ಗೆ ಮೆಲ್ಲಗೆ ಕೇಳಿದೆ, “ಅದ್ರೊಳಗಿನ ಮರಿ ಮಾತಾಡ್ತದಾ ಮಗ?”

“ಅಯ್ಯೋ ತಾತ, ಅದಕ್ಕೆ ಮಾತೇ ಬರಲ್ಲ!” ಬಿದ್ದು ಬಿದ್ದು ನಕ್ಕಳು.

ಸಂಜೆ ಒಬ್ಬನೇ ಬ್ಯಾರನ್ ಹತ್ತಿರ ಹೋಗಿ ಕರೆದೆ. ಗಂಡೋ ಹೆಣ್ಣೋ ಗೊತ್ತಿಲ್ಲ, ಬಾರಪ್ಪ ಎಂದೆ, ಬಾರವ್ವ ಎಂದೆ. ಏನೂ ಬರಲಿಲ್ಲ. ದೆವ್ವವೇ ಆಗಿದ್ದರೆ ಕೇಳದೆ ಒಳಗೆ ನುಗ್ಗುತ್ತಿತ್ತಲ್ಲವೇ? ಅದು ಮೆಟ್ಟಿಲ ಹತ್ತಿರವೇ ನಿಂತು ಕೇಳಿತು. ಕರೆದವನು ನಾನು. ನಂಬಿ ಬಂದ ಕೂಸನ್ನು ಹೊರಗೆ ನಿಲ್ಲಿಸಿ, ಯಾರೂ ಇಲ್ಲ ಎಂದವನೂ ನಾನೇ.

ಮೊನ್ನೆ ಬೇಸಿಗೆ ರಜೆಗೆ ಇಂಚರ ಮತ್ತೆ ಬಂದಳು. ಮನೆಯೆಲ್ಲ ಹಬ್ಬ! ಕತ್ತಲಾದ ಮೇಲೆ ಸಾಕಮ್ಮ ಒಳಗಿಂದ ಕೂಗಿದಳು, “ಬಾಗ್ಲಾಕ್ರೀ, ಸೊಳ್ಳೆ ಬತ್ತವೆ!”

“ಒಸಿ ತಡಿಯೇ,” ಎಂದೆ, ಹೊಸ್ತಿಲಲ್ಲೇ ನಿಂತು. ಅಂಗಳದಾಚೆ ಸರಕ್ ಅಂದಂತಾಯಿತು. ‘ಬಾ’ ಅನ್ನಲು ಬಾಯಿ ತೆರೆದೆ… ಅಷ್ಟರಲ್ಲಿ ಒಳಗೆ ಇಂಚರ ಕಿಲಕಿಲ ನಕ್ಕಳು.

ಒಳಗಿರುವುದು ನನ್ನ ಕೂಸು ಅನ್ನಿಸಿ ಬಾಯಿ ಮುಚ್ಚಿಕೊಂಡೆ. ಬಾಗಿಲನ್ನೂ ಹಾಕಿಕೊಂಡೆ.