ಟಿವಿಯ ದೆವ್ವಕ್ಕೆ ಮದುವೆಯಾಗಿತ್ತೇ?

ಮಣ್ಣಗುಡ್ಡದ ದೊಡ್ಡಮ್ಮನ ಮನೆಗೆ ಟಿವಿ ಬಂದ ವರ್ಷ ನಮಗೆಲ್ಲ ಏಕಾಏಕಿ ನೆಂಟಸ್ತಿಕೆಯ ಮಹತ್ವ ಅರಿವಾಯಿತು. ಭಾನುವಾರ ಮಧ್ಯಾಹ್ನವಾದರೆ ನಾನೂ ಅಮ್ಮನೂ ದೇರೆಬೈಲಿನಿಂದ ಬಂದು ಅಲ್ಲಿ ಹಾಜರು.

ಅಂಥ ಒಂದು ಭಾನುವಾರ ಟಿವಿಗೆಂದೇ ತಯಾರಿಸಿದ ಹಿಂದಿ ಸಿನಿಮಾ ಒಂದು ಬಂತು. ನಮ್ಮನ್ನು ಬಿಟ್ಟರೆ ಅದನ್ನು ನೋಡಿದ್ದು ಬಹುಶಃ ನಿರ್ದೇಶಕನ ಹೆಂಡತಿ ಮಾತ್ರ. ಬಂಗಲೆಯಲ್ಲಿ ಒಂಟಿಯಾಗಿರುವ ಹೆಂಗಸಿಗೆ, ಸತ್ತ ತಂಗಿ ಪಕ್ಕದ ಕೋಣೆಯಲ್ಲಿ ತಲೆ ಬಾಚುವ ಸದ್ದು ಕೇಳಿಸುತ್ತದೆ. ಬಾಚುತ್ತಾಳೆ, ಬಾಚುತ್ತಾಳೆ, ಬಾಚುತ್ತಲೇ ಇರುತ್ತಾಳೆ. ನಮ್ಮ ಎದೆ ನಡುಗಲೆಂದು ಪಾಪ, ಬಹಳ ಕಷ್ಟಪಟ್ಟಿದ್ದರು. ಆದರೆ ವರ್ಷಕ್ಕೊಮ್ಮೆ ಸತ್ತವರಿಗೆಲ್ಲ ಎಲೆ ಹಾಕಿ ಕೋಳಿಸಾರು ಬಡಿಸುವ ಮನೆಯವರನ್ನು ಬಾಚಣಿಗೆ ತೋರಿಸಿ ಹೆದರಿಸುವುದು ಸುಲಭವಲ್ಲ. ಅಮ್ಮ ಆಕಳಿಸುತ್ತ ಕುಳಿತಿದ್ದಳು.

"ಆ ತಂಗಿಗೆ ಮದುವೆ ಆಗಿತ್ತಾ?" ಎಂದು ದೊಡ್ಡಮ್ಮ ಕೇಳಿದರು. ಹಿಂದಿ ಪರೀಕ್ಷೆ ಪಾಸಾದ ತಪ್ಪಿಗೆ ಅನುವಾದದ ಕೆಲಸ ನನ್ನದಾಗಿತ್ತು. ಆಗಿರಲಿಲ್ಲ ಎಂದೆ.

"ಮತ್ತೆ ಎಂತ? ಹುಡುಗ ನೋಡಿ ಮುಗಿಸಿದ್ರೆ ಆಯ್ತಲ್ಲ."

ಮದುವೆಯಾಗದೆ ಸತ್ತವರಿಗೆ, ಬದುಕಿದ್ದರೆ ಪ್ರಾಯಕ್ಕೆ ಬರುತ್ತಿದ್ದ ಹೊತ್ತಿಗೆ, ಹಾಗೆಯೇ ಸತ್ತ ಜೋಡಿಯನ್ನು ಹುಡುಕಿ ಮದುವೆ ಮಾಡಿಸುವುದು ನಮ್ಮ ಕಡೆ ಉಂಟು. ಜಾತಿ, ಮನೆತನ ಎಲ್ಲ ನೋಡಿಯೇ. ಸತ್ತ ಮಾತ್ರಕ್ಕೆ ಯಾರಿಗೂ ರಿಯಾಯಿತಿ ಇಲ್ಲ. ದೊಡ್ಡಮ್ಮನಿಗೂ ನನ್ನ ಪ್ರಾಯದವಳೇ ಒಬ್ಬಳು ಮಗಳಿದ್ದಳು, ತೊಟ್ಟಿಲಲ್ಲೇ ಹೋದವಳು. ಅವಳು ಮದುವೆಗಾಗಿ ಕಾಯುತ್ತಿದ್ದಾಳೆ ಎಂಬುದೇ ಅವರ ಆಗಿನ ಚಿಂತೆ.

ಕೊನೆಗೆ ಕನ್ನಡಕದ ಡಾಕ್ಟರೊಬ್ಬ ಬಂದು, ತಂಗಿಯೂ ಇಲ್ಲ, ಸದ್ದೂ ಇಲ್ಲ, ಎಲ್ಲ ನಿನ್ನ ಮನಸ್ಸಿನ ಆಟ ಎಂದು ಉಪನ್ಯಾಸ ಕೊಟ್ಟ. ಕಾಲೇಜಿನಲ್ಲಿ ಮನಃಶಾಸ್ತ್ರ ಓದುತ್ತಿದ್ದ ನಾನು ಅದನ್ನು ಅವನಿಗಿಂತ ಉದ್ದವಾಗಿ ವಿವರಿಸಿದೆ. ದೊಡ್ಡಮ್ಮ ಪೂರ್ತಿ ಕೇಳಿ, ಅವನಿಗೆ ಮಕ್ಕಳಿಲ್ಲವೇನೋ ಎಂದು ಹೇಳಿ ಚಾ ಮಾಡಲು ಎದ್ದರು.

ಮಳೆಗಾಲದ ಆಟಿ ತಿಂಗಳಿಗೆ, ಸತ್ತವರ ಕಾರ್ಯಗಳೆಲ್ಲ ನಡೆಯುವ ಹೊತ್ತಿಗೆ, ವಾಮಂಜೂರಿನಲ್ಲಿ ಹುಡುಗ ಸಿಕ್ಕಿದ. ಒಳ್ಳೆಯ ಮನೆತನ, ಎಳವೆಯಲ್ಲೇ ಜ್ವರಕ್ಕೆ ತೀರಿಕೊಂಡವನು, ಬೀಡಿ ಬ್ರಾಂದಿ ಏನೂ ಇಲ್ಲ ಎಂದು ಗೆಳತಿಯರಿಗೆ ವರದಿ ಮಾಡಿ ನಗಿಸಿದೆ.

ಮದುವೆಯ ಸೀರೆ, ಬಳೆ ಕೊಳ್ಳಲು ದೊಡ್ಡಮ್ಮ ನನ್ನನ್ನೂ ಕರೆದುಕೊಂಡು ಹೋದರು. ಬಳೆಯಂಗಡಿಯವರು ಅಳತೆ ಕೇಳಿದರು. ದೊಡ್ಡಮ್ಮ ತಡವರಿಸಿದರು. ಅವರು ಕಂಡದ್ದು ಕೂಸಿನ ಕೈ ಮಾತ್ರ. ಆಮೇಲೆ ನನ್ನ ಕೈ ಹಿಡಿದು ಅಂಗಡಿಯವರ ಮುಂದೆ ಚಾಚಿದರು.

"ಈಗ ಇಷ್ಟು ಇರಬಹುದು," ಎಂದರು. "ಇದಕ್ಕೆ ಸರಿಯಾದದ್ದು ಕೊಡಿ."

ಹಸಿರು ಬಳೆಗಳು ಒಂದೊಂದಾಗಿ ನನ್ನ ಕೈಗೇರಿದವು. ದೊಡ್ಡಮ್ಮ ಅವನ್ನೇ ನೋಡುತ್ತಿದ್ದರು. ನನಗೆ ಅಳು ಬಂತು.