ಹೂಂಗುಟ್ಟಲು ಬಿಟ್ಟ ಜಾಗ

ನಮ್ಮ ಮನೆಯಲ್ಲಿ ಕಥೆ ಹೇಳುವುದಕ್ಕೆ ಒಂದೇ ಒಂದು ಕಟ್ಟಳೆ ಇತ್ತು. ಕೇಳುವವರು ಹೂಂಗುಟ್ಟಬೇಕು. ನನ್ನ ಅಮ್ಮ ಒಂದು ಮಾತು ಹೇಳಿ ನಿಲ್ಲಿಸುವಳು. ನಾನು ‘ಹೂಂ’ ಅಂದರೆ ಮಾತ್ರ ಮುಂದಿನ ಮಾತು. ನಿದ್ದೆಗಣ್ಣಿನಲ್ಲಿ ಒಂದು ಹೂಂ ತಪ್ಪಿತೋ, ಸೆರಗು ಕೊಡವಿಕೊಂಡು ಎದ್ದು ಹೋಗಿಬಿಡುವಳು. ರಾಜ ಕಾಡಿನಲ್ಲೇ ನಿಂತು, ಹುಲಿ ಬಾಯಿ ತೆರೆದುಕೊಂಡೇ ಇದ್ದು, ಇಬ್ಬರೂ ಮಾರನೆಯ ದಿನದ ತನಕ ಕಾಯಬೇಕಿತ್ತು.

ನನ್ನ ಮಗಳಿಗೂ ಅದನ್ನೇ ಕಲಿಸಿದೆ. ಇಟ್ಟಮಡುವಿನ ಬಾಡಿಗೆ ಮನೆಯಲ್ಲಿ ಊಟವಾದ ಮೇಲೆ ನಾನು ಹೇಳುವುದು, ಅವಳು ಹೂಂಗುಟ್ಟುವುದು. ಮಕ್ಕಳು ಕಥೆ ಕಟ್ಟುವ ಆಪ್ ಒಂದನ್ನು ಅವಳ ಅಮ್ಮ ಮೊಬೈಲಿಗೆ ಹಾಕಿಕೊಟ್ಟಾಗ ನಾನು ಮೂಗು ಮುರಿದೆ. ಬೆರಳಿನಲ್ಲಿ ಚಿತ್ರ ಬರೆಯಬೇಕಂತೆ, ಒಂದೊಂದು ಪುಟಕ್ಕೂ ದನಿ ರೆಕಾರ್ಡ್ ಮಾಡಬೇಕಂತೆ, ಕೊನೆಗೆ ಒತ್ತಿದರೆ ಸಿನಿಮಾದ ಹಾಗೆ ಓಡುತ್ತದಂತೆ. ಕಥೆ ಹೇಳಲು ಬಾಯಿಯೊಂದು ಸಾಲದೇ ಎಂದು ಗೊಣಗಿದವನು ನಾನು. ಆಮೇಲೆ ಮಗಳು ನನಗೆ ದಿನವೂ ಸಿಗುತ್ತಿದ್ದದ್ದು ಆ ಆಪ್‌ನಲ್ಲೇ.

ಯಾಕೆಂದರೆ ನಾವು ಗಂಡ ಹೆಂಡತಿ ಬೇರೆಯಾದೆವು. ಜಗಳದ ವಿವರ ಯಾರಿಗೂ ಬೇಡ. ಇಬ್ಬರೂ ಕೆಟ್ಟವರಲ್ಲ, ಒಂದೇ ಸೂರಿನಡಿ ಇರಲು ಆಗಲಿಲ್ಲ, ಅಷ್ಟೆ. ಅವಳು ಮಗಳನ್ನು ಕರೆದುಕೊಂಡು ಕೋಣನಕುಂಟೆಯ ತವರಿಗೆ ಹೋದಳು. ಭಾನುವಾರ ಮಗಳು ನನ್ನ ಜೊತೆ. ಉಳಿದ ದಿನ ಫೋನ್ ಮಾಡಿದರೆ ಊಟ ಆಯಿತಾ ಅಂದರೆ ಆಯಿತು, ಸ್ಕೂಲಿಗೆ ಹೋದೆಯಾ ಅಂದರೆ ಹೋದೆ. ಏಳು ವರ್ಷದ ಮಗು ಫೋನಿನಲ್ಲಿ ಇನ್ನೆಷ್ಟು ಮಾತಾಡೀತು?

ಆ ಆಪ್ ಅವಳ ಅಮ್ಮನ ಮೊಬೈಲಿನಲ್ಲೂ ನನ್ನದರಲ್ಲೂ ಒಂದೇ ಖಾತೆಯಲ್ಲಿ ತೆರೆಯುತ್ತಿತ್ತು. ಸಂಜೆ ಕೆಲಸದಿಂದ ಬಂದು ಒಂದು ಪುಟಕ್ಕಾಗುವಷ್ಟು ಕಥೆಯನ್ನು ರೆಕಾರ್ಡ್ ಮಾಡುತ್ತಿದ್ದೆ. ಮನೆಯವರು ಖಾಲಿ ಮಾಡಿಕೊಂಡು ಹೋದ ಮೇಲೆ ಅವರನ್ನು ಹುಡುಕಿಕೊಂಡು ಹೊರಟ ಹಲ್ಲಿಯ ಕಥೆ. ಟ್ಯೂಬ್‌ಲೈಟಿನ ಹಿಂದೆ ಹುಟ್ಟಿ ಬೆಳೆದ ಹಲ್ಲಿ, ಪಾಪ, ತಾರಸಿಯಿಂದ ತಾರಸಿಗೆ ಅಲೆಯುತ್ತದೆ. ಒಂದೊಂದು ಮಾತಿನ ಕೊನೆಗೂ ನಾನು ಅಮ್ಮನ ಹಾಗೆಯೇ ನಿಲ್ಲಿಸುತ್ತಿದ್ದೆ, ಹೂಂ ಅನ್ನುವಷ್ಟು ಹೊತ್ತು. ಮಗಳು ಆಮೇಲೆ ಆ ಪುಟ ತೆರೆದು ಚಿತ್ರ ಬರೆದು, ನಾನು ಬಿಟ್ಟ ಜಾಗದಲ್ಲಿ ತನ್ನ ಹೂಂ ಸೇರಿಸುತ್ತಿದ್ದಳು.

ಬೆಳಿಗ್ಗೆ ಬನಶಂಕರಿ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಕಥೆ ನನ್ನದೇ, ಅದನ್ನು ಕೇಳಿ ನನಗೇನಾಗಬೇಕು? ಬೇಕಿದ್ದದ್ದು ನಡುವಿನ ಹೂಂ. ನೆಗಡಿಯಾಗಿದ್ದರೆ ಗೊತ್ತಾಗುತ್ತಿತ್ತು. ಬಾಯಲ್ಲಿ ಚಕ್ಕುಲಿಯಿದ್ದರೆ ಗೊತ್ತಾಗುತ್ತಿತ್ತು. ಅತ್ತು ಬಂದು ಹೂಂ ಅಂದಿದ್ದರೆ ಅದೂ ಗೊತ್ತಾಗುತ್ತಿತ್ತು. ಅಂಥ ದಿನ ಆಫೀಸಿನಲ್ಲಿ ಯಾರು ಏನು ಕೇಳಿದರೂ ಸಿಡುಕುತ್ತಿದ್ದೆ.

ಒಂದು ಭಾನುವಾರ ಜಯನಗರದ ಪಾರ್ಕಿನಲ್ಲಿ ಜೋಳ ತಿನ್ನುತ್ತಾ ಅವಳು ಕೇಳಿದಳು, ಹಲ್ಲಿಗೆ ಮನೆಯವರು ಸಿಗುತ್ತಾರಾ ಅಂತ.

“ನೀನು ಹೂಂ ಅಂತಾ ಇರು, ಸಿಕ್ಕೇ ಸಿಗ್ತಾರೆ” ಎಂದೆ.

ಅವಳಿಗಿಂತ ಹೆಚ್ಚಾಗಿ ಆ ಮಾತನ್ನು ನಂಬಿಕೊಂಡವನು ನಾನೇ. ಆ ಹೂಂ ಬರುತ್ತಿರುವ ತನಕ ನಾನಿನ್ನೂ ಅವಳ ಮನೆಯವನು ಅಂದುಕೊಂಡಿದ್ದೆ.

ಮಕ್ಕಳು ಮೊಬೈಲಿನಲ್ಲಿ ಮಾಡಿದ ಕಥೆಗಳನ್ನು ಅವಳ ಶಾಲೆಯಲ್ಲಿ ಪರದೆಯ ಮೇಲೆ ತೋರಿಸುವ ದಿನ ಬಂತು. ಅವಳು ಹಲ್ಲಿಯ ಕಥೆಯನ್ನೇ ಕೊಟ್ಟಿದ್ದಳು. ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೋದೆ. ನನ್ನ ಮಗಳು ಎಷ್ಟು ಚೆನ್ನಾಗಿ ಹೂಂಗುಟ್ಟುತ್ತಾಳೆ, ಎಲ್ಲರೂ ಕೇಳಲಿ ಎಂಬ ಜಂಬ ಬೇರೆ. ಅವಳು ಬಾಗಿಲಿಗೇ ಓಡಿಬಂದು ಕೈ ಹಿಡಿದುಕೊಂಡಳು.

“ಅಪ್ಪ, ಕಥೆ ಉದ್ದ ಆಯ್ತು, ಚಿಕ್ಕದು ಮಾಡು ಅಂದ್ರು ಮಿಸ್ಸು. ಅದಕ್ಕೆ ನೀನು ಮಧ್ಯೆ ಮಧ್ಯೆ ಸುಮ್ನೆ ಇರ್ತೀಯಲ್ಲ, ಅದನ್ನೆಲ್ಲ ಕಟ್ ಮಾಡ್ಬಿಟ್ಟೆ.”

“ನಿನ್ನ ಹೂಂ?”

“ಅದೂನೂ. ನೀನು ಹೇಳಿದ್ದು ಮಾತ್ರ ಒಂದು ಚೂರೂ ಕಟ್ ಮಾಡಿಲ್ಲಪ್ಪ. ಪೂರ್ತಿ ಹಂಗೇ ಇದೆ.”

ಅಪ್ಪನ ಒಂದು ಮಾತೂ ಹಾಳಾಗದಂತೆ ತಾನೊಬ್ಬಳೇ ಕೂತು ಮಾಡಿದ್ದಳು, ಆ ಖುಷಿ ಅವಳ ಮುಖದ ತುಂಬ ಇತ್ತು. ಕಟ್ ಮಾಡಿದ್ದನ್ನು ಹಳೆಯದರ ಮೇಲೇ ಸೇವ್ ಮಾಡಿದ್ದಳು. ಆ ಹೂಂಗಳು ಇನ್ನೆಲ್ಲೂ ಇರಲಿಲ್ಲ. ಸಖತ್ತಾಗಿ ಮಾಡಿದ್ದೀಯ ಎಂದು ಅವಳ ತಲೆ ಸವರಿದೆ. ಆ ಮುಖ ನೋಡಿಕೊಂಡು ಬೇರೆ ಏನು ಹೇಳಲಿ?

ಲೈಟ್ ಆರಿಸಿದರು. ಅವಳ ಅಮ್ಮನೂ ಬಂದಿದ್ದಳು; ನಾವು ಮೂವರೂ ಒಂದೇ ಸಾಲಿನಲ್ಲಿ ಕೂತಿದ್ದೆವು, ನಡುವೆ ಮಗಳು. ಪರದೆಯ ಮೇಲೆ ನೇರಳೆ ಬಣ್ಣದ ಹಲ್ಲಿ ಬಂತು. ನನ್ನ ದನಿ, ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ, ಒಂದೇ ಉಸಿರಿಗೆ ಕಥೆ ಹೇಳತೊಡಗಿತು. ಮಗಳು ಬಾಯಿ ಮುಚ್ಚಿಕೊಂಡು ತನ್ನ ಚಿತ್ರವನ್ನೇ ನೋಡುತ್ತಿದ್ದಳು. ಮೊದಲ ಮಾತು ಮುಗಿಯಿತು. ಯಾರಾದರೂ ಹೂಂ ಅನ್ನಬೇಕಲ್ಲ ಎಂದು ನಾನೇ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ದನಿ ಮುಂದಿನ ಮಾತಿಗೆ ಹೋಗಿತ್ತು.